ಹೆಣ್ಣು ನಾಲ್ಕು

ಗಂಗಾ ಆ ಸಣ್ಣ ತ್ರಿಕೋನವನ್ನು ಒತ್ತಿದ್ದೇ ತಡ, ಆರು ದಿನಗಳಿಂದ ಟೈಪ್ ಮಾಡಿದ್ದೆಲ್ಲ ಪರದೆಯಿಂದ ಮಾಯವಾಯಿತು. ಉಳಿದದ್ದು ಒಂದೇ ಸಾಲು, ಅದರಲ್ಲಿ ಒಂದೇ ಹೆಸರು: ಚನವೀರಪ್ಪ.

"ಅಯ್ಯ!" ಅಂದಳು. ಕೈ ಮೌಸಿನ ಮೇಲೆಯೇ ನಿಂತುಬಿಟ್ಟಿತು.

ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಹನಮಪ್ಪ ಮುಖ ಎತ್ತಿದ. ಎರಡೂ ಕಣ್ಣಿಗೆ ಪೊರೆ ಬಂದಿದ್ದರಿಂದ ಅವನಿಗೆ ಪರದೆ ಒಂದು ಬೆಳಕಿನ ಚೌಕವಾಗಿ ಮಾತ್ರ ಕಾಣುತ್ತಿತ್ತು. "ಏನಾತು ತಂಗಿ?"

"ಎಲ್ಲಾ ಹೋತರಿ ಅಜ್ಜಾರ. ಬರದದ್ದೆಲ್ಲಾ ಹೋತು."

"ಹೋತು ಅಂದ್ರ ಎಲ್ಲಿಗೆ ಹೋತು?"

ಗಂಗಾ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದ ಫೋನಿನಲ್ಲಿ ರುಬಿಯಾ ನಗುತ್ತಿದ್ದಳು. ರುಬಿಯಾ ಅವಳ ಜೊತೆ ಓದಿದವಳು, ಈಗ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಉದ್ದ ಬರಹವನ್ನು ಹೇಗೆ ಓರಣವಾಗಿ ಇಡಬೇಕು ಎಂದು ಹೇಳಿಕೊಟ್ಟವಳೂ ಅವಳೇ. ಅಪ್ಪನ ಹೆಸರು ಒಂದು ಸಾಲು, ಮಕ್ಕಳ ಹೆಸರು ಅದರ ಕೆಳಗೆ ಒಂದು ಟ್ಯಾಬ್ ಒಳಗೆ, ಮೊಮ್ಮಕ್ಕಳು ಇನ್ನೊಂದು ಟ್ಯಾಬ್ ಒಳಗೆ. ಹಾಗೆ ಬರೆದರೆ ಅಂಚಿನಲ್ಲಿ ಸಣ್ಣ ತ್ರಿಕೋನ ಮೂಡುತ್ತದೆ, ಒತ್ತಿ ನೋಡು ಅಂದಿದ್ದಳು.

"ಏ ಹುಚ್ಚಿ, ಏನೂ ಹೋಗಿಲ್ಲ. ಮಡಚಿಕೊಂಡೈತಿ ಅಷ್ಟ. ಬಾಜೂಕಿನ ಸಾಲಿನ ನಂಬರ್ ನೋಡು."

ಗಂಗಾ ನೋಡಿದಳು. ಚನವೀರಪ್ಪನ ಎಡಕ್ಕೆ ಒಂದು ಎಂದಿತ್ತು. ಅದರ ಕೆಳಗಿನ ಖಾಲಿ ಸಾಲಿಗೆ ಆರುನೂರಾ ಹದಿನೈದು. ಎರಡರ ನಡುವೆ ಕೂದಲೆಳೆಯಷ್ಟೂ ಜಾಗವಿರಲಿಲ್ಲ. ಮತ್ತೆ ಒತ್ತಿದಳು. ಹತ್ತು ತಲೆಮಾರು ಒಮ್ಮೆಲೇ ಬಿಚ್ಚಿಕೊಂಡು ಪರದೆಯ ತಳದವರೆಗೆ ಇಳಿದವು. ಮತ್ತೊಮ್ಮೆ ಒತ್ತಿದಳು. ಅಷ್ಟೂ ಜನ ಮುತ್ತಜ್ಜನ ಹೆಸರಿನೊಳಗೆ ಹೋಗಿ ಸೇರಿಕೊಂಡರು. ಫೋನ್ ಇಟ್ಟ ಮೇಲೆಯೂ ನಾಲ್ಕು ಸಲ ತೆರೆದು ಮುಚ್ಚಿ ಮಾಡಿದಳು. ಆಮೇಲೆ ಮುದುಕನಿಗೆ ಕಾಣುವುದಿಲ್ಲ ಎಂಬುದು ನೆನಪಾಗಿ, ಏನಾಗುತ್ತಿದೆ ಎಂದು ಬಾಯಿಯಿಂದ ಹೇಳಿದಳು.

ಹನಮಪ್ಪನಿಗೆ ಅಚ್ಚರಿಯೇನೂ ಆದಂತೆ ಕಾಣಲಿಲ್ಲ. "ನಮ್ಮಪ್ಪ ನನಗ ಹಿಂಗ ಕಲಿಸಿದ್ದ ನೋಡು" ಅಂದ. "ಊರಿಂದ ಊರಿಗೆ ಹೋಗೂ ಮುಂದ ಎಲ್ಲಾರನ್ನೂ ತಲ್ಯಾಗ ಹೊತಗೊಂಡು ಅಡ್ಯಾಡಾಕ ಆಗತೈತೇನು? ಒಂದು ಮನಿತನಕ್ಕ ಒಂದ ಹೆಸರು. ಶಲವಡಿ ಅಂದ್ರ ಚನವೀರಪ್ಪ. ಅವ್ರ ಕಟ್ಟಿ ಮ್ಯಾಲ ಕುಂತು ಆ ಹೆಸರು ಅಂದ್ನೆಪಾ ಅಂದ್ರ, ಉಳದವ್ರು ತಾವ ಎದ್ದು ಬರತಾರ."

"ಎಷ್ಟು ಮನಿತನ ಅದಾವ್ರಿ ನಿಮ್ಮ ತಲ್ಯಾಗ?"

"ಎಣಿಸಿಲ್ಲ. ನಾಲ್ಕು ತಾಲೂಕು."

ಗಂಗಾ ಆ ಬೋಳು ತಲೆಯನ್ನು, ಅದಕ್ಕೆ ಸುತ್ತಿದ್ದ ಮಾಸಿದ ರುಮಾಲನ್ನು ಸ್ವಲ್ಪ ಹೊತ್ತು ನೋಡಿದಳು. ಇವಳ ಕಂಪ್ಯೂಟರಿಗೆ ಆರುನೂರು ಸಾಲು ಒಂದು ದೊಡ್ಡ ಮಾತಾಗಿತ್ತು.

ಹನಮಪ್ಪ ಹೆಳವ. ಒಕ್ಕಲು ಮನೆತನಗಳ ವಂಶಾವಳಿ ಹೇಳುವುದು ಅವನ ಹಿರಿಯರಿಂದ ಬಂದ ಕೆಲಸ. ಅವನಪ್ಪ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದ. ಇವನು ಬಸ್ಸಿನಲ್ಲಿ, ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದ. ಮೂರು ನಾಲ್ಕು ವರ್ಷಕ್ಕೊಮ್ಮೆ ಒಂದೊಂದು ಊರಿಗೆ ಹೋಗಿ, ಮನೆಯ ಮೂಲಪುರುಷನಿಂದ ಹಿಡಿದು ನಿನ್ನೆ ಮೊನ್ನೆ ಹುಟ್ಟಿದ ಕೂಸಿನವರೆಗೆ ಹೆಸರು ಹೇಳಿ, ಹೊಸ ಹೆಸರುಗಳನ್ನು ಹೊತ್ತಿಗೆಯಲ್ಲಿ ಬರೆದುಕೊಂಡು, ಕೊಟ್ಟ ಕಾಳು, ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದ. ಅವನ ಸೊಸೆ ಗಂಡನ ಜೊತೆ ತಾನೂ ಆ ಕೆಲಸ ಕಲಿಯುತ್ತೇನೆ ಅಂದಿದ್ದಳಂತೆ. ಆದರೆ ಹೊತ್ತಿಗೆಯ ಮೋಡಿ ಎಂಬ ಹಳೆಯ ಲಿಪಿ ಓದಲು ಅವಳಿಗೆ ಬರುತ್ತಿರಲಿಲ್ಲ. ಹಾಳೆ ಮುಟ್ಟಿದರೆ ಮುರಿಯುತ್ತಿತ್ತು. ಹಾಗಾಗಿ ಗುಡಗೇರಿಯ ಸ್ಟೇಶನ್ ರಸ್ತೆಯಲ್ಲಿ ಇಳಿದು, ಗಂಗಾಳ ಝೆರಾಕ್ಸ್ ಅಂಗಡಿಗೆ ಬಂದು, ಬಟ್ಟೆಯ ಗಂಟು ಬಿಚ್ಚಿ, "ಇದರ ಇನ್ನೊಂದು ಪ್ರತಿ ತಗದ ಕೊಡವ್ವ" ಎಂದು ಕೇಳಿದ್ದ.

ಗಂಗಾ ಮೊದಲ ಹಾಳೆಯನ್ನು ಎತ್ತಲು ಹೋದಾಗ ಅಂಚು ಪುಡಿಯಾಗಿ ಕೈಗೆ ಅಂಟಿತು. ಇದನ್ನು ಯಂತ್ರದ ಗಾಜಿನ ಮೇಲೆ ಒತ್ತಿದರೆ ಹಾಳೆಯೂ ಇರುವುದಿಲ್ಲ, ಪ್ರತಿಯೂ ಬರುವುದಿಲ್ಲ ಎಂದು ಹೇಳಿ ವಾಪಸು ಕೊಡುವುದರಲ್ಲಿದ್ದಳು. ಅಷ್ಟರಲ್ಲಿ, "ಇದು ಯಾವ ಊರಿಂದ್ರಿ?" ಎಂದು ಸುಮ್ಮನೆ ಕೇಳಿದಳು.

"ಇದು ಶಲವಡಿದು. ಅಗಸಿಮನಿಯವ್ರದು."

ಗಂಗಾ ಗಂಟನ್ನು ವಾಪಸು ಕೊಡಲಿಲ್ಲ. "ನೀವು ಹೇಳ್ಕೋಂತ ಹೋಗ್ರಿ, ನಾ ಟೈಪ್ ಮಾಡತೀನಿ" ಅಂದಳು. ಯಾಕೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅವಳ ಅವ್ವನ ಶಾಲೆಯ ದಾಖಲೆಯಲ್ಲಿ ಆ ಹೆಸರಿತ್ತು. ಆಧಾರಕ್ಕೆ, ರೇಶನ್ ಕಾರ್ಡಿಗೆ ಅರ್ಜಿ ತುಂಬುವಾಗಲೆಲ್ಲ ಗಂಗಾಳೇ ಅದನ್ನು ಟೈಪ್ ಮಾಡಿದ್ದಳು: ಗುರವ್ವ, ತಂದೆ ಫಕೀರಪ್ಪ ಅಗಸಿಮನಿ, ಶಲವಡಿ. ಅದರಾಚೆಗೆ ಅವಳಿಗೆ ಆ ಊರು ಗೊತ್ತಿರಲಿಲ್ಲ. ಮೂವತ್ತೆರಡು ವರ್ಷದ ಹಿಂದೆ ಗುರವ್ವ ರೇಲ್ವೆ ಹಳಿಯ ಕೆಲಸದ ಹುಲಿಗೇಶನನ್ನು ಮದುವೆಯಾಗಿ ಬಂದಿದ್ದಳು. ಹುಲಿಗೇಶ ಊರ ಹೊರಗಿನ ಓಣಿಯವನು. ಅವರ ಮನೆಯಲ್ಲಿ ಬುದ್ಧನ ಪಟ, ಅಂಬೇಡ್ಕರರ ಪಟ ಇದ್ದವು. ಅಗಸಿಮನಿಯವರು, ನಮ್ಮ ಪಾಲಿಗೆ ಅವಳು ಸತ್ತಳು ಎಂದು ಹೇಳಿ ಕಳಿಸಿದ್ದರು. ಅವತ್ತಿನಿಂದ ಶಲವಡಿ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಅಣ್ಣಿಗೇರಿಯ ಬಸ್ಸಿನ ಹಲಗೆಯಲ್ಲಿ ಆ ಹೆಸರು ಕಂಡರೆ ಅವ್ವ ಬೇರೆ ಕಡೆ ನೋಡುತ್ತಿದ್ದಳು.

ಅವ್ವನ ಹೆಸರು ಈ ಹೊತ್ತಿಗೆಯಲ್ಲಿ ಇದೆಯೋ ಇಲ್ಲವೋ ಎಂಬುದೊಂದೇ ಗಂಗಾಳಿಗೆ ಬೇಕಾಗಿತ್ತು.

ಹನಮಪ್ಪ ದಿನಾ ಹತ್ತು ಗಂಟೆಗೆ ತಾನು ಇಳಿದುಕೊಂಡಿದ್ದ ಮಠದಿಂದ ಬರುತ್ತಿದ್ದ. ಹೊತ್ತಿಗೆಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು, ಅದರ ಕಡೆ ನೋಡದೆ, ಒಂದೇ ಧಾಟಿಯಲ್ಲಿ ಹೇಳುತ್ತಿದ್ದ. "ಚನವೀರಪ್ಪ ದೊಡ್ಡ ಬರದಾಗ ಎರಡು ಎತ್ತು, ಒಂದು ಎಳೀಗೂಸು ತಗೊಂಡು ಮೂಡಲ ದಿಕ್ಕಿಂದ ಬಂದ. ಆತಗ ಗಂಡು ಮೂರು. ಹಿರ್ಯಾವ ರಾಚಪ್ಪ, ನಡುವಿನಾವ ದುಂಡಪ್ಪ, ಕಿರ್ಯಾವ ಅಡಿವೆಪ್ಪ. ಹೆಣ್ಣು ಎರಡು. ರಾಚಪ್ಪಗ ಗಂಡು ಐದು..." ನಡುವೆ ಯಾರಾದರೂ ಪಹಣಿಗೆ, ಪರೀಕ್ಷೆಯ ಅರ್ಜಿಗೆ ಬಂದರೆ ಗಂಗಾ ಎದ್ದು ಹೋಗುತ್ತಿದ್ದಳು. ಅರ್ಧ ಗಂಟೆ ಬಿಟ್ಟು ಬಂದು ಕೂತರೂ ಅವನು ನಿಂತ ಹೆಸರಿನಿಂದಲೇ ಎತ್ತಿಕೊಳ್ಳುತ್ತಿದ್ದ. "ಅಜ್ಜಾರ, ಎರಡನೇ ದುಂಡಪ್ಪ ಯಾರ ಮಗಾರಿ?" ಎಂದರೆ, "ಯಾವ ಎರಡನೇದಾವ? ಕುಂಟ ದುಂಡಪ್ಪನೋ, ಕುಸ್ತಿ ದುಂಡಪ್ಪನೋ?" ಎಂದು ತಿರುಗಿ ಕೇಳುತ್ತಿದ್ದ.

ಮಡಚುವುದು ಗೊತ್ತಾದ ಮೇಲೆ ಗಂಗಾಳಿಗೆ ಇಡೀ ಮನೆತನ ಬೇರೆಯಾಗಿ ಕಾಣತೊಡಗಿತು. ಮೊದಲು ಅದು ಮುಗಿಯದ ಪಟ್ಟಿಯಾಗಿತ್ತು. ಈಗ ರಾಚಪ್ಪನನ್ನು ಮುಚ್ಚಿ ದುಂಡಪ್ಪನನ್ನು ತೆರೆದರೆ, ಕುಸ್ತಿ ಆಡಿದವರು, ಸಾಲಿ ಮಾಸ್ತರಾದವರು, ನವಲಗುಂದಕ್ಕೆ ದತ್ತು ಹೋದವರು, ಮಕ್ಕಳಿಲ್ಲದೆ ಮುಗಿದುಹೋದವರು, ಎಲ್ಲರೂ ಅವರವರ ಅಪ್ಪನ ಕೆಳಗೆ ಬಂದು ನಿಲ್ಲುತ್ತಿದ್ದರು. ಅವಳು ಬೇಕಂತಲೇ ಒಬ್ಬೊಬ್ಬರನ್ನೇ ತೆರೆದು ನೋಡುತ್ತಿದ್ದಳು. ಒಂದು ಹೆಸರಿನ ಹಿಂದೆ ಇಷ್ಟು ಜನ ಉಸಿರು ಹಿಡಿದು ಕೂತಿದ್ದಾರಲ್ಲ ಎನ್ನಿಸಿ, ತಾನು ಹಳೆಯ ಗುಡಿಯೊಳಗೆ ಬಂದು ನಿಂತಿದ್ದೇನೇನೋ ಎಂಬಂತೆ ದನಿ ತಗ್ಗಿಸಿ ಮಾತಾಡುತ್ತಿದ್ದಳು.

ಆಗಲೇ ಅವಳ ಕಣ್ಣಿಗೆ ಇನ್ನೊಂದು ಬಿದ್ದದ್ದು. ಮಕ್ಕಳಿದ್ದ ಹೆಸರುಗಳಿಗೆಲ್ಲ ತ್ರಿಕೋನವಿತ್ತು. "ಹೆಣ್ಣು ಎರಡು", "ಹೆಣ್ಣು ಒಂದು", "ಹೆಣ್ಣು ಐದು" ಎಂದಿದ್ದ ಸಾಲುಗಳಿಗೆ ಯಾವುದಕ್ಕೂ ಇರಲಿಲ್ಲ. ಅವುಗಳ ಕೆಳಗೆ ತೆರೆಯುವುದಕ್ಕೆ ಏನೂ ಇರಲಿಲ್ಲ. ಹುಡುಕಿ ಎಣಿಸಿದಾಗ ಅಂಥ ಸಾಲು ನೂರಾ ಹದಿನೆಂಟು ಸಿಕ್ಕವು.

ಏಳನೆಯ ದಿನ ಮಧ್ಯಾಹ್ನದ ಮುಂಚೆ ಹನಮಪ್ಪ ಅಡಿವೆಪ್ಪನ ಕವಲಿನಲ್ಲಿ ಇಳಿಯುತ್ತ ಇಳಿಯುತ್ತ ಬಂದ. "ಶಿವಮೂರ್ತೆಪ್ಪಗ ಗಂಡು ಒಂದು, ಫಕೀರಪ್ಪ. ಹೆಣ್ಣು ಮೂರು. ಫಕೀರಪ್ಪಗ ಗಂಡು ಎರಡು, ಮಡಿವಾಳೆಪ್ಪ, ಈರಪ್ಪ. ಹೆಣ್ಣು ನಾಲ್ಕು. ಮಡಿವಾಳೆಪ್ಪಗ ಗಂಡು..."

"ತಡೀರಿ ಅಜ್ಜಾರ."

ಅವನು ತಡೆದ. ಗಂಗಾ "ಹೆಣ್ಣು ನಾಲ್ಕು" ಎಂದು ಟೈಪ್ ಮಾಡಿ, ಆ ಅಂಕಿಯನ್ನೇ ನೋಡುತ್ತ ಕೂತಳು. ಅವ್ವ ಇಲ್ಲಿದ್ದಳು. ಒಂದು ಅಂಕಿಯ ಕಾಲು ಭಾಗವಾಗಿ ಇದ್ದಳು.

"ಈ ಹೆಣ್ಮಕ್ಕಳ ಹೆಸರು ಯಾಕ ಬರದಿಲ್ರಿ?"

"ಹೊತ್ತಗ್ಯಾಗ ಬರಿಯೂ ಪದ್ಧತಿ ಇಲ್ಲ. ಕೊಟ್ಟ ಮನಿಯವ್ರ ಹೊತ್ತಗ್ಯಾಗ ಹೆಂಡ್ತಿ ಅಂತ ಬರತಾರ."

"ನಿಮಗ ಗೊತ್ತದಾವೇನ್ರಿ ಹೆಸರು?"

ಹನಮಪ್ಪ ಹೊತ್ತಿಗೆಯನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟ. "ಯಾರದು ಬೇಕು?"

"ಮೊದಲಿಂದ ಹೇಳ್ರಿ. ಚನವೀರಪ್ಪನ ಹೆಣ್ಮಕ್ಕಳು."

"ಬಾಳವ್ವ, ಸಂಗವ್ವ. ಬಾಳವ್ವನ್ನ ಹೆಬಸೂರಿಗೆ ಕೊಟ್ರು, ಸಂಗವ್ವ ಲಗ್ನ ಆಗೂದಕಿಂತ ಮೊದಲ ತೀರಿಕೊಂಡ್ಳು, ಹಾವು ಮುಟ್ಟಿ. ರಾಚಪ್ಪನ ಮಗಳು ಒಬ್ಬಾಕಿ, ನಿಂಗವ್ವ. ಆಕಿನ್ನ ಮಿಶ್ರಿಕೋಟಿಗೆ ಕೊಟ್ರು. ಆಕಿಗೆ ಮಕ್ಕಳು ಏಳು..."

ಅವನು ನಿಲ್ಲಿಸಲಿಲ್ಲ. ಗಂಗಾ ಬಾಯಿ ತೆರೆದು ಕೇಳುತ್ತ ಕೂತಿದ್ದವಳು, ಆಮೇಲೆ ಎಚ್ಚರವಾದಂತೆ ಮೇಲಕ್ಕೆ ಹೋಗಿ, ಒಂದೊಂದೇ ಹೆಣ್ಣು ಸಾಲನ್ನು ಹುಡುಕಿ, ಅದರ ಕೆಳಗೆ ಟ್ಯಾಬ್ ಒತ್ತಿ ಬರೆಯತೊಡಗಿದಳು. ಬರೆದ ಕೂಡಲೇ ಅಂಚಿನಲ್ಲಿ ತ್ರಿಕೋನ ಮೂಡುತ್ತಿತ್ತು. ಎರಡು ನೂರು ವರ್ಷದ ಹಿಂದೆ ಬೇರೆ ಊರಿಗೆ ನಡೆದುಹೋದ ಹೆಣ್ಣುಮಕ್ಕಳು, ಹೆರಿಗೆಯಲ್ಲಿ ಸತ್ತವರು, ಗಂಡ ಸತ್ತ ಮೇಲೆ ತವರಿಗೆ ಬಂದು ಹೊಲ ಮಾಡಿದವರು. ಯಾವುದೂ ಹಾಳೆಯ ಮೇಲೆ ಇರಲಿಲ್ಲ. ಎಲ್ಲವೂ ಇದ್ದವು. ಹೊರಗೆ ಗಿರಾಕಿಗಳು ಬಂದು ನಿಂತು, ಕರೆದು, ಬೇಸತ್ತು ಹೋದರು. ಹನಮಪ್ಪ ನೀರು ಕೇಳಿದ, ಕುಡಿದ, ಮುಂದುವರಿದ.

ಮರುದಿನ ಸಂಜೆ ಐದರ ಹೊತ್ತಿಗೆ ಫಕೀರಪ್ಪನ ಸಾಲಿಗೆ ಬಂದರು.

"ಹಿರೇಕಿ ನೀಲವ್ವ, ಆಕಿನ್ನ ಕುಂದಗೋಳಕ್ಕ ಕೊಟ್ರು. ಎರಡನೇದಾಕಿ ಕಸ್ತೂರೆವ್ವ, ತಡಸಕ್ಕ. ಮೂರನೇದಾಕಿ ಶಿವಲೀಲಾ, ಬ್ಯಾಹಟ್ಟಿಗೆ." ಅವನು ನಿಂತ.

"ನಾಲ್ಕನೇದಾಕಿ?"

"ಇಪ್ಪತ್ತೈದು ಮೂವತ್ತು ವರ್ಷದ ಹಿಂದ ಮಡಿವಾಳೆಪ್ಪ ನನಗ ಹೇಳಿದ್ದ. 'ಹನಮಾ, ಹೆಣ್ಣು ಮೂರು ಅಂತ ತಿದ್ದು' ಅಂತ. ನಾ ತಿದ್ದಲಿಲ್ಲ. ಹುಟ್ಟಿದ್ದು ಹುಟ್ಟಿಲ್ಲ ಅಂತ ಹ್ಯಾಂಗ ಬರೀಲಿ? 'ಹಂಗಾರ ನಮ್ಮ ಕಟ್ಟಿ ಮ್ಯಾಲ ಆ ಹೆಸರು ಅನಬ್ಯಾಡ' ಅಂದ. ಅದಕ್ಕ ಹೂಂ ಅಂದೆ. ಹೊಟ್ಟಿಪಾಡು ತಂಗಿ." ರುಮಾಲಿನ ಚುಂಗಿನಿಂದ ಕಣ್ಣು ಒರೆಸಿಕೊಂಡ. ಪೊರೆಯಿಂದ ಅವನ ಕಣ್ಣಲ್ಲಿ ಯಾವಾಗಲೂ ನೀರಿರುತ್ತಿತ್ತು. "ಗುರವ್ವ. ಗಂಡ ಹುಲಿಗೇಶ, ರೇಲ್ವೆದಾಗ. ಮೊದಲ ಸಂಶಿ ಕ್ವಾರ್ಟರ್ಸಿನ್ಯಾಗ ಇದ್ರು, ಆಮ್ಯಾಲ ಗುಡಗೇರಿ. ಮಕ್ಕಳು ಎರಡು. ಮೊದಲನೇದು ಗಂಡು, ಸಿದ್ಧಾರ್ಥ, ಹನ್ನೊಂದು ತಿಂಗಳಿನ್ಯಾಗ ಹೋತು. ಎರಡನೇದು ಹೆಣ್ಣು. ಗಂಗಾ."

ಗಂಗಾಳ ಬೆರಳು ಕೀಲಿಗಳ ಮೇಲೆ ಹಾಗೇ ನಿಂತವು. ರಸ್ತೆಯಲ್ಲಿ ಸಂತೆಯಿಂದ ವಾಪಸಾಗುವ ಟಂಟಂ ಗಾಡಿಗಳು ಹೋಗುತ್ತಿದ್ದವು. ಅವಳಿಗೆ ಒಬ್ಬ ಅಣ್ಣನಿದ್ದ. ಇಪ್ಪತ್ತೊಂಬತ್ತು ವರ್ಷ ತಾನೊಬ್ಬಳೇ ಎಂದುಕೊಂಡಿದ್ದಳು. ಯಾವುದೋ ಊರಿನ, ಕಣ್ಣು ಕಾಣದ ಈ ಮುದುಕ ಆ ಕೂಸಿನ ಹೆಸರನ್ನು ತಲೆಯಲ್ಲಿಟ್ಟುಕೊಂಡು ನಾಲ್ಕು ತಾಲೂಕು ತಿರುಗಾಡಿದ್ದ. ಅವಳ ಹೆಸರನ್ನೂ.

"ನಿಮಗ ಯಾರು ಹೇಳಿದ್ರು?" ಗಂಗಾ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು.

"ಗಾಡಿ ಸಂಶ್ಯಾಗ ನಿಂತಾಗೊಮ್ಮೆ ಇಳದು ಚಾದಂಗಡ್ಯಾಗ ಕೇಳತಿದ್ದೆ. ಹೇಳಬ್ಯಾಡ ಅಂದ್ರ ಹೇಳೂದಿಲ್ಲ ತಂಗಿ. ತಿಳಕೊಳ್ಳಬ್ಯಾಡ ಅನ್ನಾಕ ಅವ್ರು ಯಾರು?"

"ಅಜ್ಜಾರ, ನಾನ..."

"ಹೌದು" ಅಂದ ಹನಮಪ್ಪ. "ನಿಮ್ಮವ್ವನ ಅವ್ವ ಬಸಲಿಂಗವ್ವನ ಧ್ವನಿ ಹಿಂಗ ಇತ್ತು, ಸ್ವಲ್ಪ ಮೂಗಿನ್ಯಾಗ. ಮೊದಲನೇ ದಿವಸನ ಅನಮಾನ ಆಗಿತ್ತು. ಕೇಳಿದ್ರ ನೀ ಎಲ್ಲಿ ಬರಿಯೂದು ಬಿಡತಿ ಅಂತ ಸುಮ್ಮನಿದ್ದೆ. ಬರಕೋ."

ಗಂಗಾ ಬರೆದಳು. ತನ್ನ ಹೆಸರನ್ನು ಅರ್ಜಿಗಳಲ್ಲಿ ಎಷ್ಟು ಸಲ ಬರೆದಿದ್ದಳೋ ಲೆಕ್ಕವಿರಲಿಲ್ಲ. ಈ ಸಲ ಅದಕ್ಕೆ ಮೊದಲು ಹತ್ತು ಸಲ ಟ್ಯಾಬ್ ಒತ್ತಬೇಕಾಯಿತು.

ಮನೆಯಲ್ಲಿ ಅವಳು ಆ ದಿನ ಏನೂ ಹೇಳಲಿಲ್ಲ. ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಗುರವ್ವ ಎಂದಿನಂತೆ ರೊಟ್ಟಿಯ ಡಬ್ಬಿ ತೆಗೆದುಕೊಂಡು ಅಂಗಡಿಗೆ ಬಂದಾಗ, ಹನಮಪ್ಪ ಊಟಕ್ಕೆ ಮಠಕ್ಕೆ ಹೋಗಿದ್ದ. ಗಂಗಾ ತನ್ನ ಕುರ್ಚಿ ಬಿಟ್ಟು ಎದ್ದಳು.

"ಯವ್ವಾ, ಇಲ್ಲಿ ಕುಂದ್ರು. ಇದನ್ನ ಓದು."

"ಯಾಕ ಬೇ? ನನಗ ಕನ್ನಡಕ ಇಲ್ಲ."

"ದೊಡ್ಡ ಅಕ್ಷರ ಮಾಡೀನಿ. ಓದು."

ಗುರವ್ವ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಒಂದೊಂದೇ ಅಕ್ಷರ ಕೂಡಿಸಿ, "ಚನವೀರಪ್ಪ" ಎಂದು ಓದಿದಳು. "ಯಾರ ಇವ್ರು?"

ಗಂಗಾ ತ್ರಿಕೋನ ಒತ್ತಿದಳು. ಮೂರು ಹೆಸರು ಬಂದವು. ಮೂರನೆಯದನ್ನು ಒತ್ತಿದಳು. ಅವ್ವ ಓದುತ್ತ ಹೋದಳು, ಬೇರೆಯವರ ಮನೆಯ ಪತ್ರ ಓದುವವಳ ಹಾಗೆ. ಒಬ್ಬರೊಳಗಿಂದ ಒಬ್ಬರು ಹೊರಬರುತ್ತಿದ್ದರು. ಏಳನೆಯ ಹೆಸರಿಗೆ ಅವಳ ದನಿ ತಡವರಿಸಿತು.

"ಶಿವಮೂರ್ತೆಪ್ಪ... ಗಂಗಾ, ಇದು ನಮ್ಮ ಮುತ್ಯಾನ ಹೆಸರು."

ಗಂಗಾ ಸುಮ್ಮನೆ ಮುಂದಿನದನ್ನು ತೆರೆದಳು. ಫಕೀರಪ್ಪ. ಗುರವ್ವ ಜಾರಿದ್ದ ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡಳು. ಅದನ್ನು ಮಾಡಿದ್ದು ಅವಳಿಗೇ ಗೊತ್ತಾದಂತೆ ಕಾಣಲಿಲ್ಲ. ಆಮೇಲೆ ಅಣ್ಣಂದಿರು, ಆಮೇಲೆ ಹೆಣ್ಣು ನಾಲ್ಕು, ಅದರೊಳಗಿನ ನಾಲ್ಕು ಹೆಸರು. ಕೊನೆಯದನ್ನು ಅವಳು ಗಟ್ಟಿಯಾಗಿ ಓದಲಿಲ್ಲ. ಬೆರಳಿಂದ ಪರದೆಯನ್ನು ಮುಟ್ಟಿ, ಬಿಸಿ ತಾಗಿದಂತೆ ಹಿಂದೆ ತೆಗೆದಳು.

"ಇದನ್ನ ಯಾರು ಹೇಳಿ ಬರಸಿದ್ರು? ಅವ್ರು ಬರಸಿದ್ರೇನು?"

"ಅವ್ರಲ್ಲ. ಹೆಳವರ ಅಜ್ಜಾರು."

ಗುರವ್ವ ಪರದೆಗೆ ಇನ್ನಷ್ಟು ಹತ್ತಿರ ಬಾಗಿದಳು. ನಂತರ, "ನನ್ನ ಹೆಸರಿನ ಬಾಜೂಕೂ ಆ ಗುರುತು ಐತಲ್ಲ" ಅಂದಳು. ಗಂಗಾ ಹಿಂದೆ ಮುಂದೆ ನೋಡಿದಳು. ಅವ್ವ ತಾನೇ ಮೌಸನ್ನು ಹಿಡಿದು, ಪರದೆಯ ಮೇಲಿನ ಬಾಣವನ್ನು ಅಲ್ಲಿಗೆ ತಂದು, ಒತ್ತಿದಳು.

ಸಿದ್ಧಾರ್ಥ, ಹನ್ನೊಂದು ತಿಂಗಳು. ಗಂಗಾ.

ಗುರವ್ವ ಅಳಲಿಲ್ಲ. ತುಟಿಗಳು ಮಗನ ಹೆಸರನ್ನು ಎರಡು ಸಲ ಅಂದವು.

"ಹನ್ನೊಂದು ತಿಂಗಳಲ್ಲ" ಅಂದಳು. "ಹನ್ನೊಂದು ತಿಂಗಳ ಮ್ಯಾಲ ನಾಲ್ಕು ದಿನ. ಬರಿ."

ಗಂಗಾ ಅವ್ವನ ಭುಜದ ಮೇಲಿಂದ ಬಾಗಿ, ನಾಲ್ಕು ದಿನ ಎಂದು ಸೇರಿಸಿದಳು.

ಹನಮಪ್ಪ ಊಟ ಮುಗಿಸಿ ಕೋಲೂರುತ್ತ ಬಂದು ಮೆಟ್ಟಿಲ ಮೇಲೆ ನಿಂತಾಗ ತಾಯಿ ಮಗಳು ಹಾಗೇ ಕೂತಿದ್ದರು. ಗುರವ್ವ ಎದ್ದು ನಿಂತಳು. "ಬರ್ರಿ ಯಪ್ಪಾ" ಅಂದಳು. ಅಷ್ಟಕ್ಕೇ ಮುದುಕ ತಲೆ ಓರೆ ಮಾಡಿ ಕೇಳಿಸಿಕೊಂಡು, "ಏನವ್ವಾ ಗುರವ್ವಾ, ಚಲೋ ಅದೀಯೇನು?" ಎಂದ. ಮೂವತ್ತೆರಡು ವರ್ಷದಲ್ಲಿ ತವರಿನ ಕಡೆಯವರೊಬ್ಬರು ಆ ಮಾತು ಕೇಳಿದ್ದು ಅದೇ ಮೊದಲು. ಅವಳು ಅತ್ತದ್ದು ಆಗ.

ಮೂರು ದಿನ ಬಿಟ್ಟು ಕೆಲಸ ಮುಗಿಯಿತು. ಸಾಲುಗಳು ಎರಡು ಸಾವಿರದ ಹತ್ತಿರ ಹೋಗಿದ್ದವು. ಪ್ರಿಂಟ್ ತೆಗೆಯುವ ಮುಂಚೆ ಹನಮಪ್ಪ ಕೇಳಿದ, "ಕಾಗದದ ಮ್ಯಾಲ ಹ್ಯಾಂಗ ಮಡಚತಿ?"

"ಕಾಗದದ ಮ್ಯಾಲ ಮಡಚಾಕ ಬರೂದಿಲ್ರಿ. ಎಲ್ಲಾ ತಗದ ಇರತೈತಿ." ಗಂಗಾ ತಡೆದು ಕೇಳಿದಳು, "ನಿಮಗ ತ್ರಾಸ ಆಗತಿದ್ರ, ಅವ್ವನ ಆ ಮೂರು ಸಾಲು ತಗೀತೀನ್ರಿ. ಮಡಿವಾಳೆಪ್ಪನವ್ರು..."

"ಬ್ಯಾಡ. ಇರಲಿ ಬಿಡು" ಅಂದ ಹನಮಪ್ಪ. "ನನಗೀಗ ಎಪ್ಪತ್ತೊಂದು. ಇನ್ನ ಎಷ್ಟು ಸಲ ಆ ಕಟ್ಟಿ ಏರತೀನಿ? ಒಮ್ಮೆ ಪೂರಾ ಹೇಳತೀನಿ."

ಹಾಳೆಗಳನ್ನು ಗಂಟಿನಲ್ಲಿ ಕಟ್ಟಿಕೊಂಡು ಶಲವಡಿಗೆ ಹೋದ. ಮಗ ಸೊಸೆ ಇಬ್ಬರೂ ಅಣ್ಣಿಗೇರಿಯಲ್ಲಿ ಜೊತೆಗೂಡಿದರು. ಹನಮಪ್ಪ ಒಬ್ಬನೇ ವಾಪಸು ಗುಡಗೇರಿಯಲ್ಲಿ ಇಳಿದದ್ದು ಹನ್ನೆರಡು ದಿನದ ಮೇಲೆ, ಒಂದು ರವಿವಾರ ಮುಂಜಾನೆ. ಈ ಸಲ ಅಂಗಡಿಗೆ ಬರಲಿಲ್ಲ. ಕೇಳುತ್ತ ಕೇಳುತ್ತ ಊರ ಹೊರಗಿನ ಓಣಿಗೆ, ಹುಲಿಗೇಶನ ಮನೆಗೆ ಬಂದ. ಹುಲಿಗೇಶ ಕಟ್ಟೆಯ ಮೇಲೆ ಕಂಬಳಿ ಹಾಸಿದ. ಗುರವ್ವ ಚಹಾ ತಂದಿಟ್ಟು ಬಾಗಿಲ ಹತ್ತಿರ ನಿಂತಳು.

ಹನಮಪ್ಪ ತಾನೇ ಹೇಳಿದ. "ಸೊಸಿ ಓದಿದ್ಲು, ನಾ ಹೇಳಿದೆ. ಮನಿ ಮಂದಿ ಎಲ್ಲಾ ಕುಂತಿದ್ರು. ಹೆಣ್ಮಕ್ಕಳ ಹೆಸರು ಬರೂ ಮುಂದ ಒಳಗಿನ ಹೆಂಗಸರು ಅಡಗಿ ಮಾಡೂದು ಬಿಟ್ಟು ಹೊರಗ ಬಂದು ನಿಂತ್ರು. ನಿನ್ನ ಹೆಸರು ಅಂದೆ. ಯಾರೂ ಕೆಮ್ಮಲಿಲ್ಲ. ಮಡಿವಾಳೆಪ್ಪ ಕುಂತಾಂವ ಕುಂತ ಇದ್ದ. ಎಲ್ಲಾ ಮುಗದ ಮ್ಯಾಲ, 'ಆ ಸಣ್ಣ ಕೂಸಿನ ಹೆಸರು ಏನಂದಿ?' ಅಂದ. ಹೇಳಿದೆ. ಮತ್ತೊಮ್ಮೆ ಹೇಳು ಅಂದ. ಮತ್ತೊಮ್ಮೆ ಹೇಳಿದೆ. ಎದ್ದು ಹೊಲಕ್ಕ ಹೋದ."

"ಮತ್ತೇನೂ ಅನ್ನಲಿಲ್ಲೇನ್ರಿ?"

"ಇಲ್ಲವ್ವ."

ಗುರವ್ವ ತಲೆಯಾಡಿಸಿದಳು. ಅದನ್ನು ಹೆಚ್ಚೆಂದುಕೊಂಡಳೋ ಕಡಿಮೆಯೆಂದುಕೊಂಡಳೋ, ಗಂಗಾಳಿಗೆ ಮುಖ ನೋಡಿ ತಿಳಿಯಲಿಲ್ಲ.

ಹನಮಪ್ಪ ಚಹಾ ಕುಡಿದು ಬಟ್ಟಲು ಕೆಳಗಿಟ್ಟ. ಹೋಗುವ ಅವಸರ ಕಾಣಲಿಲ್ಲ. ಹುಲಿಗೇಶನ ಕಡೆ ತಿರುಗಿ, "ಈಗ ನಿಮ್ಮದು ಹೇಳ್ರಿ" ಅಂದ.

"ನಮ್ಮದು ಏನ್ರಿ?"

"ನಿಮ್ಮ ಮನಿತನದ್ದು. ಮೂಲದ ಹೆಸರು ಯಾವುದು?"

ಹುಲಿಗೇಶ ಸ್ವಲ್ಪ ಒರಟಾಗಿಯೇ ನಕ್ಕ. "ನಮ್ಮ ಓಣಿಗೆ ಯಾವ ಹೆಳವ ಬಂದಾನ್ರಿ? ಯಾರ ಎತ್ತೂ ಈ ಕಡೆ ಹೊಳ್ಳಿಲ್ಲ."

"ಬಂದಿಲ್ಲ" ಅಂದ ಹನಮಪ್ಪ. "ನಮ್ಮಪ್ಪನೂ ಬರಲಿಲ್ಲ, ನಾನೂ ಬರಲಿಲ್ಲ. ತಪ್ಪು ನಮ್ಮದು. ಈಗ ಬಂದೀನಿ. ಹೇಳ್ರಿ."

ಹುಲಿಗೇಶ ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ. ಮೂವತ್ತು ವರ್ಷ ಹಳಿಯ ಮೇಲೆ ಕೆಲಸ ಮಾಡಿದ ಆ ಮನುಷ್ಯ ಶಾಲೆಯಲ್ಲಿ ಎದ್ದು ನಿಂತವನ ಹಾಗೆ ಕೈ ಕಟ್ಟಿಕೊಂಡ. "ನಮ್ಮಪ್ಪ ದುರಗಪ್ಪ. ಅವ್ರಪ್ಪ ಯಲ್ಲಪ್ಪ, ಅವ ಕುಂದಗೋಳದಿಂದ ಬಂದಾಂವ. ಅವ್ರಪ್ಪ..." ನಿಂತ. "ಅದರ ಮ್ಯಾಲ ನನಗ ಗೊತ್ತಿಲ್ರಿ."

"ಯಾರಿಗೆ ಗೊತ್ತದ?"

"ಕೆಂಚವ್ವ ಆಯಿಗೆ ಗೊತ್ತಿರಬೇಕು. ನಮ್ಮಪ್ಪನ ಚಿಗವ್ವ. ತೊಂಬತ್ತು ದಾಟ್ಯಾವು."

"ಹಂಗಾರ ಹೋಗೂಣು ಏಳ್ರಿ."

ಗಂಗಾ ಫೋನನ್ನೂ, ಒಂದು ಹೊಸ ನೋಟಬುಕ್ಕನ್ನೂ ತೆಗೆದುಕೊಂಡಳು. ನಾಲ್ವರೂ ಓಣಿಯ ಕೊನೆಯ ಮನೆಗೆ ಹೋದರು. ಕೆಂಚವ್ವ ಬಿಸಿಲು ಕಾಯಿಸಿಕೊಳ್ಳುತ್ತ ಗೋಡೆಗೆ ಒರಗಿ ಕೂತು, ಮೊರದಲ್ಲಿ ಅಲಸಂದಿ ಹಸನು ಮಾಡುತ್ತಿದ್ದಳು. ಹುಲಿಗೇಶ ಅವಳ ಕಿವಿಯ ಹತ್ತಿರ ಬಾಗಿ, ಯಲ್ಲಪ್ಪನ ಅಪ್ಪ ಯಾರು, ಅವನ ಅವ್ವ ಯಾರು ಎಂದು ಗಟ್ಟಿಯಾಗಿ ಕೇಳಿದ. ಮುದುಕಿಗೆ ಮೊದಲು ತಿಳಿಯಲಿಲ್ಲ. ಎರಡನೆಯ ಸಲಕ್ಕೆ ತಿಳಿಯಿತು.

"ಅದನ್ನ ಯಾಕ ಕೇಳತೀರಿ ಈಗ?"

"ಬರಕೊಳ್ಳಾಕ ಬೇ ಆಯಿ" ಅಂದಳು ಗಂಗಾ.

ಕೆಂಚವ್ವ ಮೊರವನ್ನು ಪಕ್ಕಕ್ಕಿಟ್ಟಳು. ಕೈಗೆ ಅಂಟಿದ ಧೂಳನ್ನು ಸೀರೆಗೆ ಒರೆಸಿಕೊಂಡು, ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿನ ಮೇಲೆ ಇಟ್ಟಳು. ಕಣ್ಣು ಮುಚ್ಚಿದಳು. ಹನಮಪ್ಪ ಅವಳೆದುರು ನೆಲದ ಮೇಲೆಯೇ ಕೂತು, ಕೋಲನ್ನು ಬದಿಗಿಟ್ಟು, ಕಿವಿಯನ್ನು ಅವಳ ಕಡೆ ತಿರುಗಿಸಿದ. ದೂರದಲ್ಲಿ ಹುಬ್ಬಳ್ಳಿಯ ಕಡೆಯ ಗಾಡಿ ಕೂಗಿತು. ಗಂಗಾ ನೋಟಬುಕ್ಕಿನ ಮೊದಲ ಹಾಳೆ ತೆರೆದಳು. ಮುದುಕಿಯ ಹೆಬ್ಬೆರಳು ಒಂದು ಗೆಣ್ಣು ಮೇಲೆ ಸರಿಯಿತು, ತುಟಿಗಳು ತೆರೆದವು.